ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ: ಎರಡರ ನಂಟನ್ನು ಹಂತ ಹಂತವಾಗಿ ಅರಿಯುವ ಸಮಗ್ರ ಮಾರ್ಗದರ್ಶಿ

ವಿದ್ಯುತ್ ಕ್ಷೇತ್ರದಿಂದ ಕಾಂತಕ್ಷೇತ್ರ ಹುಟ್ಟುತ್ತದೆಯೋ, ಕಾಂತಕ್ಷೇತ್ರದಿಂದ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆಯೋ? ದ್ವಿತೀಯ ಪಿಯುಸಿ ಭೌತಶಾಸ್ತ್ರ ಓದಿದ ಬಹಳ ಮಂದಿಗೆ ಈ ಪ್ರಶ್ನೆ ಬಗೆಹರಿಯದೆ ಉಳಿದುಬಿಡುತ್ತದೆ. ಕರೆಂಟಿನ ಸುತ್ತಲಿನ ಕಾಂತಕ್ಷೇತ್ರವನ್ನು ಲೆಕ್ಕ ಹಾಕುವ ಬಯೋ-ಸವಾರ್ಟ್ ನಿಯಮ ಒಂದು ಅಧ್ಯಾಯದಲ್ಲಿ, ಬದಲಾಗುವ ಕಾಂತಕ್ಷೇತ್ರದಿಂದ ಕರೆಂಟು ಬರುವುದನ್ನು ಹೇಳುವ ಫ್ಯಾರಡೆ ನಿಯಮ ಇನ್ನೊಂದರಲ್ಲಿ, ವಿದ್ಯುತ್ಕಾಂತೀಯ ಅಲೆಗಳು ಮತ್ತೊಂದರಲ್ಲಿ ಬರುತ್ತವೆ. ಪರೀಕ್ಷೆಗೆ ಒಂದೊಂದನ್ನೂ ಬಿಡಿಬಿಡಿಯಾಗಿ ಓದಿಕೊಂಡರೂ ನಡೆಯುತ್ತದೆ. ಮೂರನ್ನೂ ಪೋಣಿಸುವ ಎಳೆ ಮಾತ್ರ ಕೈಗೆ ಸಿಗುವುದಿಲ್ಲ.

ಆ ಎಳೆಯನ್ನು ಹಿಡಿದುಕೊಳ್ಳುವ ದಾರಿ ಇಲ್ಲಿದೆ. ಎರಡನೇ ಮತ್ತು ಮೂರನೇ ಹಂತಗಳಿಗೆ ಮನೆಯಲ್ಲೇ ಮಾಡಬಹುದಾದ ಪ್ರಯೋಗಗಳಿವೆ, ನಡುವಿನವಕ್ಕೆ ಕಾಗದ ಮತ್ತು ಕ್ಯಾಲ್ಕುಲೇಟರ್ ಬೇಕು, ಕೊನೆಯದಕ್ಕೆ ಒಂದು ಹಳೆಯ ರೇಡಿಯೋ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಎರಡು ಕ್ಷೇತ್ರಗಳಲ್ಲಿ ಒಂದು ತಾಯಿ, ಇನ್ನೊಂದು ಮಗು ಅಲ್ಲ. ಇರುವುದು ಒಂದೇ ಕ್ಷೇತ್ರ. ಅದರಲ್ಲಿ ಎಷ್ಟು ಪಾಲು ವಿದ್ಯುತ್, ಎಷ್ಟು ಪಾಲು ಕಾಂತ ಎಂಬುದು ನೋಡುವವರ ಚಲನೆಯ ಮೇಲೆ ನಿಂತಿದೆ. ಹಾಗೆಂದು ಯಾರೋ ಹೇಳಿದ್ದನ್ನು ನಂಬುವುದು ಬೇಡ, ಲೆಕ್ಕ ಹಾಕಿ ಒಪ್ಪಿಕೊಳ್ಳೋಣ.

ಬೇಕಾಗುವ ಸಾಮಾನು

ಒಂದು ಚಿಕ್ಕ ದಿಕ್ಸೂಚಿ, 1.5 ವೋಲ್ಟ್‌ನ ಎರಡು ಸೆಲ್, 0.3 ಆಂಪಿಯರ್‌ನ ಹಳೆ ಮಾದರಿಯ ಟಾರ್ಚ್ ಬಲ್ಬ್ (ಎಲ್‌ಇಡಿ ಬೇಡ), ಎರಡು ಮೀಟರ್ ಸಾಮಾನ್ಯ ವೈರು. ಸುರುಳಿ ಸುತ್ತಲು ಸಣ್ಣ ಗೇಜಿನ ವೈಂಡಿಂಗ್ ವೈರ್ ಬೇಕು. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಜೊತೆಗೆ ಒಂದು ನಿಯೋಡಿಮಿಯಮ್ ಅಯಸ್ಕಾಂತ, ಅದು ಸಲೀಸಾಗಿ ಜಾರುವಷ್ಟು ಅಗಲದ ತಾಮ್ರದ ಇಲ್ಲವೇ ಅಲ್ಯೂಮಿನಿಯಮ್ ಕೊಳವೆ, ಒಂದು ಮಲ್ಟಿಮೀಟರ್, ಮಧ್ಯಮ ತರಂಗ ಹಿಡಿಯುವ ಟ್ರಾನ್ಸಿಸ್ಟರ್ ರೇಡಿಯೋ.

ಕೆಲವು ಎಚ್ಚರಿಕೆಗಳು. ಮನೆಯ 230 ವೋಲ್ಟ್ ಕರೆಂಟಿಗೆ ಇಲ್ಲಿನ ಯಾವ ಪ್ರಯೋಗವನ್ನೂ ಜೋಡಿಸಬೇಡಿ. ಮೊಬೈಲ್‌ನ ಲಿಥಿಯಮ್ ಬ್ಯಾಟರಿಯನ್ನೂ ಮುಟ್ಟಬೇಡಿ. ನಿಯೋಡಿಮಿಯಮ್ ಅಯಸ್ಕಾಂತವನ್ನು ಚಿಕ್ಕ ಮಕ್ಕಳಿಂದ ಮತ್ತು ಪೇಸ್‌ಮೇಕರ್ ಹಾಕಿಸಿಕೊಂಡವರಿಂದ ದೂರವಿಡಿ. ಮಗು ಎರಡು ಅಯಸ್ಕಾಂತ ನುಂಗಿದರೆ ಅವು ಕರುಳಿನ ಮಡಿಕೆಗಳನ್ನು ನಡುವೆ ಹಿಡಿದುಕೊಂಡು ಪ್ರಾಣಕ್ಕೇ ಅಪಾಯ ತರುತ್ತವೆ.

ಹಂತ 1: ಎರಡನ್ನೂ ಬಲದಿಂದ ಗುರುತಿಸಿ

ಕ್ಷೇತ್ರ ಕಣ್ಣಿಗೆ ಕಾಣದು. ಅದು ವಿದ್ಯುದಾವೇಶದ ಮೇಲೆ ಹಾಕುವ ಬಲವೊಂದೇ ನಮಗೆ ಸಿಗುವ ಸಾಕ್ಷಿ. ಒಂದು ಪುಟ್ಟ ಆವೇಶವನ್ನು ಒಂದೆಡೆ ನಿಲ್ಲಿಸಿ. ಅದರ ಮೇಲೆ ಬಲ ಬಿದ್ದರೆ ಅಲ್ಲಿ ವಿದ್ಯುತ್ ಕ್ಷೇತ್ರವಿದೆ ಎಂದರ್ಥ. ಈಗ ಅದೇ ಆವೇಶವನ್ನು ಅದೇ ಜಾಗದಲ್ಲಿ ಓಡಿಸಿ. ನಿಂತಿದ್ದಾಗ ಇಲ್ಲದ ಹೆಚ್ಚುವರಿ ಬಲವೊಂದು ಕಾಣಿಸಿಕೊಂಡು, ಅದು ವೇಗಕ್ಕೆ ತಕ್ಕಂತೆ ಬೆಳೆಯುತ್ತಾ, ಓಟದ ದಿಕ್ಕಿಗೆ ಅಡ್ಡಲಾಗಿ ತಳ್ಳಿದರೆ ಅಲ್ಲಿ ಕಾಂತಕ್ಷೇತ್ರವೂ ಇದೆ. ಎರಡನ್ನೂ ಕೂಡಿಸಿ ಲೊರೆಂಟ್ಜ್ ಬಲ ಎನ್ನುತ್ತಾರೆ:

ಒಟ್ಟು ಬಲ = ಆವೇಶ × (ವಿದ್ಯುತ್ ಕ್ಷೇತ್ರ + ವೇಗ × ಕಾಂತಕ್ಷೇತ್ರ)

ಎರಡನೆಯ ಪದದ ಗುಣಾಕಾರ ಸಾದಾ ಗುಣಾಕಾರವಲ್ಲ, ಸದಿಶಗಳದ್ದು, ಅಂದರೆ ಪ್ರಮಾಣದ ಜೊತೆ ದಿಕ್ಕೂ ಇರುವವುಗಳದ್ದು. ವೇಗ ಮತ್ತು ಕಾಂತಕ್ಷೇತ್ರ ಎರಡಕ್ಕೂ ಲಂಬವಾದ ದಿಕ್ಕನ್ನು ಅದು ಕೊಡುತ್ತದೆ. ಹಾಗಾಗಿ ಕಾಂತಬಲ ಆವೇಶದ ದಾರಿಯನ್ನು ಬಾಗಿಸಬಲ್ಲದು. ವೇಗವನ್ನು ಹೆಚ್ಚಿಸಲಾರದು, ತಗ್ಗಿಸಲಾರದು.

ಮುಂದೆ ಹೋಗುವ ಮುನ್ನ ಇದೇ ವಿವರಣೆಯೊಳಗೆ ಅವಿತಿರುವ ಒಂದು ತೊಡಕನ್ನು ಗಮನಿಸಿ. ಆವೇಶವನ್ನು "ನಿಲ್ಲಿಸಿ" ಎಂದೆವು. ಯಾರ ಲೆಕ್ಕದಲ್ಲಿ ನಿಂತಿದೆ? ಮೈಸೂರಿಗೆ ಹೊರಟ ರೈಲಿನ ಮೇಜಿನ ಮೇಲಿರುವ ಆವೇಶ ಪ್ರಯಾಣಿಕರ ಪಾಲಿಗೆ ನಿಂತಿದೆ, ಮದ್ದೂರು ಸ್ಟೇಷನ್ನಿನಲ್ಲಿ ನಿಂತವರ ಪಾಲಿಗೆ ಓಡುತ್ತಿದೆ. ಒಬ್ಬರು ವಿದ್ಯುತ್ ಬಲ ಎಂದಿದ್ದನ್ನು ಇನ್ನೊಬ್ಬರು ಕಾಂತಬಲ ಎನ್ನಬಹುದಲ್ಲ? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಆರನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಪ್ರವಾಹದ ಸುತ್ತ ಕಾಂತಕ್ಷೇತ್ರ

ಕೋಪನ್‌ಹೇಗನ್‌ನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1820ರಲ್ಲಿ ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡು, ಆ ಜುಲೈನಲ್ಲಿ ಪ್ರಕಟಿಸಿದ. ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿದ ಕೆಲವೇ ವಾರಗಳಲ್ಲಿ ಅಲ್ಲಿನ ವಿಜ್ಞಾನಿ ಆಂಪಿಯರ್ ಇನ್ನೊಂದು ಹೆಜ್ಜೆ ಮುಂದಿಟ್ಟ: ಒಂದೇ ದಿಕ್ಕಿಗೆ ಕರೆಂಟು ಹರಿಯುವ ಎರಡು ಸಮಾಂತರ ತಂತಿಗಳು ಒಂದನ್ನೊಂದು ಎಳೆಯುತ್ತವೆ. ಅಲ್ಲಿ ಅಯಸ್ಕಾಂತವೇ ಇರಲಿಲ್ಲ.

ಮಾಡುವ ಬಗೆ ಹೀಗೆ. ದಿಕ್ಸೂಚಿಯನ್ನು ಕಬ್ಬಿಣವಿಲ್ಲದ ಮೇಜಿನ ಮೇಲಿಟ್ಟು ಮುಳ್ಳು ನಿಲ್ಲುವವರೆಗೆ ಕಾಯಿರಿ. ವೈರನ್ನು ಮುಳ್ಳಿನ ನೇರ ಮೇಲೆ, ಉತ್ತರ-ದಕ್ಷಿಣವಾಗಿ, ಮುಳ್ಳಿನಿಂದ ಒಂದು ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಿರಿ. ಎರಡು ಸೆಲ್ ಮತ್ತು ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಕರೆಂಟು ಬಿಡಿ. ಮುಳ್ಳು ಸ್ವಲ್ಪ ವಾಲುತ್ತದೆ. ಸೆಲ್ ತಿರುಗಿಸಿ ಹಾಕಿದರೆ ಆಚೆಗೆ ವಾಲುತ್ತದೆ. ವೈರನ್ನು ದಿಕ್ಸೂಚಿಯ ಕೆಳಗೆ ತಂದರೆ ಮತ್ತೆ ದಿಕ್ಕು ಬದಲಾಗುತ್ತದೆ, ಏಕೆಂದರೆ ಕ್ಷೇತ್ರ ತಂತಿಯನ್ನು ಬಳಸಿಕೊಂಡು ವೃತ್ತಾಕಾರವಾಗಿದೆ. ವೈರನ್ನು ಪೂರ್ವ-ಪಶ್ಚಿಮವಾಗಿ ಹಿಡಿದರೆ ಮುಳ್ಳು ಮಿಸುಕದು. ಆಗ ತಂತಿಯ ಕ್ಷೇತ್ರವೂ ಉತ್ತರ-ದಕ್ಷಿಣವೇ ಆಗಿರುತ್ತದೆ. "ಪ್ರಯೋಗ ಕೆಲಸ ಮಾಡಲಿಲ್ಲ" ಎನ್ನುವವರಲ್ಲಿ ಅನೇಕರು ತಂತಿಯನ್ನು ಹೀಗೆ ಅಡ್ಡ ಹಿಡಿದಿರುತ್ತಾರೆ.

ಎಷ್ಟು ವಾಲಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ನೇರ ತಂತಿಯಲ್ಲಿ 1 ಆಂಪಿಯರ್ ಹರಿದರೆ 1 ಸೆಂಟಿಮೀಟರ್ ದೂರದಲ್ಲಿ 20 ಮೈಕ್ರೋಟೆಸ್ಲಾ ಕ್ಷೇತ್ರ (ಟೆಸ್ಲಾ ಕಾಂತಕ್ಷೇತ್ರದ ಮಾನ, ಮೈಕ್ರೋಟೆಸ್ಲಾ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು). ನಮ್ಮ ಬಲ್ಬಿನ 0.3 ಆಂಪಿಯರ್‌ಗೆ 6 ಮೈಕ್ರೋಟೆಸ್ಲಾ. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಭಾಗ ಸುಮಾರು 40 ಮೈಕ್ರೋಟೆಸ್ಲಾ. ಆರನ್ನು ನಲವತ್ತರಿಂದ ಭಾಗಿಸಿ ವಿಲೋಮ ಟ್ಯಾಂಜೆಂಟ್ ತೆಗೆದರೆ ಎಂಟೂವರೆ ಡಿಗ್ರಿ. ಅದೇ ವೈರನ್ನು ಐದು ಸಲ ಸುತ್ತಿ, ಐದೂ ಎಳೆಗಳು ಮುಳ್ಳಿನ ಮೇಲೆ ಒಂದೇ ದಿಕ್ಕಿಗೆ ಹಾಯುವಂತೆ ಮಾಡಿದರೆ 37 ಡಿಗ್ರಿಯ ಹತ್ತಿರ ವಾಲಬೇಕು. ವಾಪಸು ಬರುವ ಎಳೆಗಳನ್ನು ದೂರದಲ್ಲಿಡಿ. ಮೊಬೈಲ್‌ನ ಮ್ಯಾಗ್ನೆಟೋಮೀಟರ್‌ನಲ್ಲೂ ಇದನ್ನು ಅಳೆಯಬಹುದು. ಆದರೆ ನಿಯೋಡಿಮಿಯಮ್ ಅಯಸ್ಕಾಂತವನ್ನು ಅದರ ಹತ್ತಿರ ತರಬೇಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ತಂತಿಯ ಹೊರಗೆ ಹೇಳಿಕೊಳ್ಳುವಂಥ ವಿದ್ಯುತ್ ಕ್ಷೇತ್ರ ಇಲ್ಲ, ಕಾಂತಕ್ಷೇತ್ರ ಮಾತ್ರ ಎದ್ದು ಕಾಣುತ್ತದೆ. ಚಲಿಸುವ ಎಲೆಕ್ಟ್ರಾನ್‌ಗಳ ಋಣಾವೇಶವನ್ನು ಲೋಹದಲ್ಲಿ ಕದಲದೆ ಕೂತ ಧನ ಅಯಾನುಗಳು ಸರಿದೂಗಿಸಿರುವುದೇ ಇದಕ್ಕೆ ಕಾರಣ. ತಂತಿಯೇ ಬೇಡ, ಬರೀ ಆವೇಶ ಓಡಿದರೂ ಕಾಂತಕ್ಷೇತ್ರ ಬರುತ್ತದೆ ಎಂಬುದನ್ನು ಹೆನ್ರಿ ರೋಲೆಂಡ್ 1876ರಲ್ಲಿ ಬರ್ಲಿನ್‌ನಲ್ಲಿ ಆವೇಶ ತುಂಬಿದ ತಟ್ಟೆಯನ್ನು ಗಿರಗಿರನೆ ತಿರುಗಿಸಿ ತೋರಿಸಿದ.

ಹಂತ 3: ಬದಲಾಗುವ ಕಾಂತಕ್ಷೇತ್ರದ ಸುತ್ತ ವಿದ್ಯುತ್ ಕ್ಷೇತ್ರ

ಕರೆಂಟಿನಿಂದ ಕಾಂತಕ್ಷೇತ್ರ ಬಂದರೆ, ಕಾಂತಕ್ಷೇತ್ರದಿಂದ ಕರೆಂಟು ಬರಬೇಕಲ್ಲ ಎಂದು ಹತ್ತು ವರ್ಷ ಹಲವರು ಹುಡುಕಿದರು. ಬಲವಾದ ಅಯಸ್ಕಾಂತವನ್ನು ತಂತಿಯ ಪಕ್ಕದಲ್ಲಿ ಇಟ್ಟು ಕಾದರೆ ಏನೂ ಆಗುತ್ತಿರಲಿಲ್ಲ. ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕಬ್ಬಿಣದ ಬಳೆಯ ಎರಡು ಬದಿಗೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಕರೆಂಟು ಕೊಟ್ಟಾಗ ಮತ್ತು ತೆಗೆದಾಗ ಮಾತ್ರ ಇನ್ನೊಂದರಲ್ಲಿ ಕ್ಷಣಕಾಲ ಕರೆಂಟು ಹರಿಯುವುದನ್ನು ಕಂಡ. ಅದೇ ಅಕ್ಟೋಬರ್‌ನಲ್ಲಿ ಅಯಸ್ಕಾಂತವನ್ನು ಸುರುಳಿಯೊಳಗೆ ತೂರಿಸಿದಾಗಲೂ ಹಾಗೇ ಆಯಿತು. ಕಾಂತಕ್ಷೇತ್ರ ಇದ್ದರಷ್ಟೇ ಸಾಲದು, ಅದು ಬದಲಾಗುತ್ತಿರಬೇಕು.

ಅಯಸ್ಕಾಂತ ಒಳಗೆ ಹೋಗಿಬರುವಷ್ಟು ಅಗಲದ ಪ್ಲಾಸ್ಟಿಕ್ ಕೊಳವೆಯ ಮೇಲೆ ವೈಂಡಿಂಗ್ ವೈರನ್ನು 500 ಸುತ್ತು ಸುತ್ತಿ. ಎರಡೂ ತುದಿಯ ವಾರ್ನಿಷ್ ಕೆರೆದು ಮಲ್ಟಿಮೀಟರ್‌ಗೆ ಜೋಡಿಸಿ, ಮಿಲಿವೋಲ್ಟ್ ವ್ಯಾಪ್ತಿಯಲ್ಲಿಡಿ. ಅಯಸ್ಕಾಂತವನ್ನು ಒಳಗೆ ತಳ್ಳಿ, ನಿಲ್ಲಿಸಿ, ಹೊರಗೆಳೆಯಿರಿ. ತಳ್ಳುವಾಗ ಒಂದು ಚಿಹ್ನೆ, ನಿಲ್ಲಿಸಿದಾಗ ಸೊನ್ನೆ, ಎಳೆಯುವಾಗ ವಿರುದ್ಧ ಚಿಹ್ನೆ. ಈಗ ಅಯಸ್ಕಾಂತವನ್ನು ಅಲುಗಾಡದಂತೆ ಹಿಡಿದು ಸುರುಳಿಯನ್ನೇ ಅದರ ಕಡೆಗೆ ತನ್ನಿ. ಅಷ್ಟೇ ವೇಗವಾದರೆ ಅಷ್ಟೇ ವೋಲ್ಟ್. ಇದನ್ನು ತಪ್ಪದೆ ಮಾಡಿ ನೋಡಿ. ಇಡೀ ಮಾರ್ಗದರ್ಶಿಯ ತಿರುಳು ಈ ಸಾದಾ ಸಂಗತಿಯಲ್ಲೇ ಇದೆ.

ಲೆಕ್ಕವೂ ಸುಲಭ. ಸುರುಳಿಯ ಅಡ್ಡಕೊಯ್ತ 1 ಚದರ ಸೆಂಟಿಮೀಟರ್, ಅಲ್ಲಿಯ ಸರಾಸರಿ ಕ್ಷೇತ್ರ 0.2 ಟೆಸ್ಲಾ, ಅದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಸೊನ್ನೆಯಾಯಿತು ಎನ್ನಿ. ಸುತ್ತು × ಕ್ಷೇತ್ರ × ಅಡ್ಡಕೊಯ್ತ ÷ ಕಾಲ: 500 × 0.2 × 0.0001 ÷ 0.01, ಅಂದರೆ 1 ವೋಲ್ಟ್. ಕೆಂಪು ಎಲ್‌ಇಡಿ ಹೊತ್ತಲು ಸುಮಾರು 1.8 ವೋಲ್ಟ್ ಬೇಕು. ಸುತ್ತುಗಳನ್ನು ಇಮ್ಮಡಿ ಮಾಡಿ ಕೊಳವೆಯನ್ನು ಜೋರಾಗಿ ಅಲ್ಲಾಡಿಸಿದರೆ ಅದು ಮಿನುಗುತ್ತದೆ. ಎರಡು ಎಲ್‌ಇಡಿಗಳನ್ನು ತಿರುವುಮುರುವಾಗಿ ಜೋಡಿಸಿದರೆ ಒಳಗೆ ಹೋಗುವಾಗ ಒಂದು, ಹೊರಗೆ ಬರುವಾಗ ಇನ್ನೊಂದು ಹೊತ್ತುತ್ತದೆ.

ಈಗ ಅಯಸ್ಕಾಂತವನ್ನು ತಾಮ್ರದ ಕೊಳವೆಯೊಳಗೆ ಬಿಡಿ. ಒಂದು ಮೀಟರ್ ಎತ್ತರದಿಂದ ಸಾಮಾನ್ಯವಾಗಿ 0.45 ಸೆಕೆಂಡಿನಲ್ಲಿ ಬೀಳಬೇಕಾದದ್ದು ತೇಲಿದಂತೆ ನಿಧಾನವಾಗಿ ಇಳಿಯುತ್ತದೆ. ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಬೀಳುವ ಅಯಸ್ಕಾಂತದಿಂದ ಕೊಳವೆಯ ಗೋಡೆಯಲ್ಲಿ ವೃತ್ತಾಕಾರದ ವಿದ್ಯುತ್ ಕ್ಷೇತ್ರ ಏಳುತ್ತದೆ, ಅದು ಕರೆಂಟು ಹರಿಸುತ್ತದೆ, ಆ ಕರೆಂಟಿನ ಕಾಂತಕ್ಷೇತ್ರ ಬೀಳುವಿಕೆಯನ್ನು ತಡೆಯುತ್ತದೆ. ಈ ತಡೆಯುವ ದಿಕ್ಕನ್ನು ಲೆನ್ಜ್ 1834ರಲ್ಲಿ ನಿಯಮವಾಗಿ ಹೇಳಿದ. ತಡೆಯುವ ಬದಲು ತಳ್ಳುವಂತಿದ್ದರೆ ಅಯಸ್ಕಾಂತ ತನ್ನಷ್ಟಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಾ ಎಲ್ಲಿಂದಲೋ ಶಕ್ತಿ ಬಂದಂತಾಗುತ್ತಿತ್ತು.

ಶಿವನಸಮುದ್ರದಲ್ಲಿ ಕಾವೇರಿಯ ನೀರು 1902ರಲ್ಲಿ ಟರ್ಬೈನುಗಳನ್ನು ತಿರುಗಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಲು ಶುರುವಾದದ್ದು ಫ್ಯಾರಡೆಯ ಇದೇ ನಿಯಮದಿಂದ. ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಯ ತಳ ಕಾಯುವುದೂ ಇದರಿಂದಲೇ.

ಪಠ್ಯಗಳಲ್ಲಿ ಫ್ಯಾರಡೆ ನಿಯಮವನ್ನು ಸುರುಳಿಯ ಕರೆಂಟಿನ ಮಾತಾಗಿಯೇ ಹೇಳಿ ಮುಗಿಸುತ್ತಾರೆ. ಅಷ್ಟಕ್ಕೇ ನಿಲ್ಲಬಾರದು. ಸುರುಳಿ ಬರೀ ಸಾಕ್ಷಿ. ಅದನ್ನು ತೆಗೆದುಹಾಕಿದರೂ ಬದಲಾಗುವ ಕಾಂತಕ್ಷೇತ್ರದ ಸುತ್ತ, ಖಾಲಿ ಜಾಗದಲ್ಲೇ, ವಿದ್ಯುತ್ ಕ್ಷೇತ್ರ ಸುತ್ತಿಕೊಂಡಿರುತ್ತದೆ. ಆವೇಶಗಳಿಂದ ಹೊರಟ ಬಲರೇಖೆಗಳಿಗೆ ಮೊದಲು-ಕೊನೆ ಇರುತ್ತದೆ. ಈ ರೇಖೆಗಳು ತಮ್ಮೊಳಗೇ ಮುಚ್ಚಿಕೊಂಡ ಬಳೆಗಳು.

ಹಂತ 4: ಮ್ಯಾಕ್ಸ್‌ವೆಲ್ ತುಂಬಿದ ಖಾಲಿ ಜಾಗ

ಇದಕ್ಕೆ ಮನೆಯಲ್ಲಿ ಪ್ರಯೋಗವಿಲ್ಲ, ತರ್ಕವಿದೆ. ನಡುವೆ ಖಾಲಿ ಜಾಗ ಬಿಟ್ಟ ಎರಡು ತಟ್ಟೆಗಳಲ್ಲಿ ಆವೇಶ ಕೂಡಿಡುವ ಒಂದು ಕೆಪಾಸಿಟರ್‌ಗೆ ಕರೆಂಟು ತುಂಬುತ್ತಿದೆ ಎಂದುಕೊಳ್ಳಿ. ತಂತಿಯ ಸುತ್ತ ಒಂದು ಬಳೆ ಎಳೆಯಿರಿ. ಆಂಪಿಯರನ ನಿಯಮದ ಪ್ರಕಾರ, ಬಳೆಯನ್ನು ಅಂಚಾಗಿ ಹೊಂದಿದ ಯಾವುದಾದರೂ ಪರದೆಯನ್ನು ಹಾಯ್ದುಹೋಗುವ ಕರೆಂಟು ಎಷ್ಟೋ, ಬಳೆಯ ಸುತ್ತಲಿನ ಕಾಂತಕ್ಷೇತ್ರ ಅಷ್ಟಕ್ಕೆ ತಕ್ಕಂತೆ. ಚಪ್ಪಟೆ ಪರದೆಯಾದರೆ ತಂತಿ ಅದನ್ನು ತೂರುತ್ತದೆ, ಕರೆಂಟು ಸಿಗುತ್ತದೆ. ಪರದೆಯನ್ನು ಚೀಲದ ಹಾಗೆ ಉಬ್ಬಿಸಿ ತಟ್ಟೆಗಳ ನಡುವಿನ ಖಾಲಿ ಜಾಗದಲ್ಲಿ ಹಾಯಿಸಿದರೆ ಅಲ್ಲಿ ಕರೆಂಟೇ ಇಲ್ಲ, ಉತ್ತರ ಸೊನ್ನೆ. ಒಂದೇ ಬಳೆಗೆ ಎರಡು ಉತ್ತರ ಇರಲಾರದು.

ಆದರೆ ಆ ಖಾಲಿ ಜಾಗದಲ್ಲಿ ಇನ್ನೊಂದು ಸಂಗತಿ ನಡೆಯುತ್ತಿದೆ: ವಿದ್ಯುತ್ ಕ್ಷೇತ್ರ ಬೆಳೆಯುತ್ತಿದೆ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರ ದಶಕದ ಆರಂಭದಲ್ಲಿ ಈ ಬೆಳವಣಿಗೆಯನ್ನೂ ಕರೆಂಟಿನ ಲೆಕ್ಕಕ್ಕೆ ಸೇರಿಸಿದ. ಹೀಗೆ ಸೇರಿದ ಪದಕ್ಕೆ ಸ್ಥಾನಪಲ್ಲಟ ಪ್ರವಾಹ ಎಂದು ಹೆಸರು. ಕೆಪಾಸಿಟರ್‌ನ ಉದಾಹರಣೆ ಮುಂದಿನವರು ಪಾಠಕ್ಕೆಂದು ಮಾಡಿಕೊಂಡದ್ದು. ಮ್ಯಾಕ್ಸ್‌ವೆಲ್ ಅಲ್ಲಿಗೆ ಬೇರೆ ದಾರಿಯಿಂದ ಬಂದಿದ್ದ.

ಇದನ್ನು ಯಾರೂ ಅದಕ್ಕೆ ಮುಂಚೆ ಪ್ರಯೋಗದಲ್ಲಿ ಯಾಕೆ ಕಾಣಲಿಲ್ಲ? 10 ಸೆಂಟಿಮೀಟರ್ ಚೌಕದ ತಟ್ಟೆಗಳ ನಡುವೆ ಬರೀ 1 ಆಂಪಿಯರ್‌ಗೆ ಸಮನಾದ ಪರಿಣಾಮ ಬೇಕೆಂದರೆ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 1.1 × 10¹³ ವೋಲ್ಟ್ ಪ್ರತಿ ಮೀಟರ್‌ನ ದರದಲ್ಲಿ ಬದಲಾಗಬೇಕು. ಆ ಕಾಲದ ಪ್ರಯೋಗಶಾಲೆಯಲ್ಲಿ ಅಂಥ ವೇಗವನ್ನು ಹಿಡಿದು ಅಳೆಯುವ ಸಾಧನ ಇರಲಿಲ್ಲ. ಫ್ಯಾರಡೆಗೆ ಕೈಯಲ್ಲಿ ಸಿಕ್ಕಿದ್ದರ ಇನ್ನೊಂದು ಮಗ್ಗುಲನ್ನು ಮ್ಯಾಕ್ಸ್‌ವೆಲ್ ಯೋಚನೆಯಿಂದ ಕಂಡುಕೊಂಡ. ಭೌತಶಾಸ್ತ್ರದಲ್ಲಿ ನಾನು ಅತ್ಯಂತ ಮೆಚ್ಚುವ ಹೆಜ್ಜೆ ಇದು.

ಈಗ ನಾಲ್ಕು ನಿಯಮಗಳೂ ಮಾತಿನಲ್ಲಿ ಹೀಗೆ: ವಿದ್ಯುತ್ ಬಲರೇಖೆಗಳು ಆವೇಶದಲ್ಲಿ ಶುರುವಾಗಿ ಆವೇಶದಲ್ಲಿ ಮುಗಿಯುತ್ತವೆ. ಕಾಂತ ಬಲರೇಖೆಗಳಿಗೆ ತುದಿಯೇ ಇಲ್ಲ. ಬದಲಾಗುವ ಕಾಂತಕ್ಷೇತ್ರವಿದ್ದಲ್ಲಿ ಸುತ್ತುವ ವಿದ್ಯುತ್ ಕ್ಷೇತ್ರವಿರುತ್ತದೆ. ಕರೆಂಟು ಇದ್ದಲ್ಲಿ, ಇಲ್ಲವೇ ಬದಲಾಗುವ ವಿದ್ಯುತ್ ಕ್ಷೇತ್ರ ಇದ್ದಲ್ಲಿ, ಸುತ್ತುವ ಕಾಂತಕ್ಷೇತ್ರವಿರುತ್ತದೆ. ಮ್ಯಾಕ್ಸ್‌ವೆಲ್‌ನ ಇಪ್ಪತ್ತು ಸಮೀಕರಣಗಳನ್ನು 1880ರ ದಶಕದಲ್ಲಿ ಈ ನಾಲ್ಕಕ್ಕೆ ಇಳಿಸಿದವನು ಆಲಿವರ್ ಹೆವಿಸೈಡ್.

ಹಂತ 5: ಬೆಳಕಿನ ವೇಗವನ್ನು ನೀವೇ ಲೆಕ್ಕ ಹಾಕಿ

ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ನಿರ್ವಾತದ ವಿದ್ಯುತ್ ಸ್ಥಿರಾಂಕ 8.854 × 10⁻¹². ಕಾಂತ ಸ್ಥಿರಾಂಕ 1.2566 × 10⁻⁶. ಎರಡನ್ನೂ ಗುಣಿಸಿದರೆ 1.1126 × 10⁻¹⁷. ವರ್ಗಮೂಲ 3.3356 × 10⁻⁹. ಅದರಿಂದ ಒಂದನ್ನು ಭಾಗಿಸಿ: 2.998 × 10⁸ ಮೀಟರ್ ಪ್ರತಿ ಸೆಕೆಂಡ್.

ಮೊದಲನೆಯದು ಎರಡು ಆವೇಶಗಳ ನಡುವಿನ ಬಲದಿಂದ ಬಂದ ಅಂಕಿ, ಎರಡನೆಯದು ಎರಡು ತಂತಿಗಳ ನಡುವಿನ ಬಲದಿಂದ ಬಂದದ್ದು. ಬೆಳಕು ಎಲ್ಲೂ ಬಂದಿಲ್ಲ. ಆದರೂ ಉತ್ತರವಾಗಿ ಬಂದದ್ದು ಬೆಳಕಿನ ವೇಗ. ಜರ್ಮನಿಯ ವಿಜ್ಞಾನಿಗಳಾದ ವೆಬರ್ ಮತ್ತು ಕೋಲ್‌ರೌಶ್ 1856ರಲ್ಲೇ ಬರೀ ವಿದ್ಯುತ್ ಅಳತೆಗಳಿಂದ ಸೆಕೆಂಡಿಗೆ ಸುಮಾರು 3.1 ಲಕ್ಷ ಕಿಲೋಮೀಟರ್ ಎಂಬ ಅಂಕಿಯನ್ನು ಪಡೆದಿದ್ದರು. ಅದರ ಅರ್ಥವನ್ನು ಬಿಡಿಸಿದವನು ಮ್ಯಾಕ್ಸ್‌ವೆಲ್: ಬೆಳಕೆಂದರೆ ಈ ಎರಡು ಕ್ಷೇತ್ರಗಳ ಅಲೆ. ಜರ್ಮನಿಯ ವಿಜ್ಞಾನಿ ಹರ್ಟ್ಸ್ 1887-88ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಆ ಅಲೆಗಳನ್ನು ಕಿಡಿಯಿಂದ ಹುಟ್ಟಿಸಿ ಹಿಡಿದ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಅಂಥ ಅಲೆಗಳನ್ನು ಗೋಡೆಯಾಚೆ ಕಳಿಸಿ ಗಂಟೆ ಬಾರಿಸಿ ತೋರಿಸಿದರು.

ಅಲೆಯಲ್ಲಿ ಎರಡೂ ಕ್ಷೇತ್ರಗಳ ಅನುಪಾತ ಯಾವಾಗಲೂ ಒಂದೇ: ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದರೆ ಬೆಳಕಿನ ವೇಗ. ಮಟಮಟ ಮಧ್ಯಾಹ್ನದ ಬಿಸಿಲು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್ ತರುತ್ತದೆ. ಅದರಲ್ಲಿ ವಿದ್ಯುತ್ ಕ್ಷೇತ್ರ 600 ವೋಲ್ಟ್ ಪ್ರತಿ ಮೀಟರ್‌ನ ಆಸುಪಾಸು, ಕಾಂತಕ್ಷೇತ್ರ 2 ಮೈಕ್ರೋಟೆಸ್ಲಾದ ಆಸುಪಾಸು. ಅಂಕಿಗಳ ಅಂತರ ನೋಡಿ ವಿದ್ಯುತ್ ಭಾಗವೇ ದೊಡ್ಡದು ಎಂದುಕೊಳ್ಳಬೇಡಿ, ಅದು ಮಾನಗಳು ತರುವ ಭ್ರಮೆ. ಎರಡೂ ಹೊತ್ತ ಶಕ್ತಿ ಸಮಸಮ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಕಿತ್ತುಹಾಕಬೇಕು. "ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ಮತ್ತೆ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ, ಹೀಗೆ ಒಂದರ ಹಿಂದೊಂದು ಸಾಗುತ್ತದೆ" ಎಂದು ತರಗತಿಗಳಲ್ಲಿ ಹೇಳುತ್ತಾರೆ. ಹಾಗಿದ್ದರೆ ಒಂದು ಏರಿದಾಗ ಇನ್ನೊಂದು ಇಳಿದಿರಬೇಕಿತ್ತು. ಬಯಲಿನಲ್ಲಿ ಸಾಗುವ ಅಲೆಯಲ್ಲಿ ಎರಡೂ ಒಂದೇ ಕ್ಷಣಕ್ಕೆ ಶಿಖರ ಮುಟ್ಟುತ್ತವೆ, ಒಂದೇ ಕ್ಷಣಕ್ಕೆ ಸೊನ್ನೆಯಾಗುತ್ತವೆ. ನಿಯಮಗಳು ಹೇಳುವುದು "ಇದು ಇದ್ದಲ್ಲಿ ಅದೂ ಇರುತ್ತದೆ" ಎಂದಷ್ಟೇ. "ಇದು ಮೊದಲು, ಅದು ಆಮೇಲೆ" ಎಂದಲ್ಲ. ಎರಡಕ್ಕೂ ಮೂಲ ಒಂದೇ: ಎಲ್ಲೋ ದೂರದಲ್ಲಿ ವೇಗ ಬದಲಿಸಿಕೊಂಡ ಆವೇಶ.

ಹಂತ 6: ಜೇಬಿನಲ್ಲಿಟ್ಟ ಪ್ರಶ್ನೆ

ಮೂರನೇ ಹಂತದ ಪ್ರಯೋಗಕ್ಕೆ ಮರಳಿ. ಅಯಸ್ಕಾಂತ ಚಲಿಸಿದರೆ ವಿವರಣೆ ಹೀಗಿತ್ತು: ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಕ್ಷೇತ್ರ, ಅದರಿಂದ ಕರೆಂಟು. ಸುರುಳಿ ಚಲಿಸಿದರೆ ವಿವರಣೆಯೇ ಬೇರೆ: ಎಲ್ಲೂ ವಿದ್ಯುತ್ ಕ್ಷೇತ್ರವಿಲ್ಲ, ತಂತಿಯ ಜೊತೆ ಸಾಗುವ ಎಲೆಕ್ಟ್ರಾನ್‌ಗಳ ಮೇಲೆ ಕಾಂತಬಲ. ಫಲಿತಾಂಶ ಮಾತ್ರ ಕೂದಲೆಳೆಯಷ್ಟೂ ಬೇರೆಯಲ್ಲ. ಐನ್‌ಸ್ಟೈನ್ 1905ರಲ್ಲಿ ವಿಶೇಷ ಸಾಪೇಕ್ಷತೆಯನ್ನು ಮಂಡಿಸಿದ ಪ್ರಬಂಧ ಶುರುವಾಗುವುದೇ ಈ ಅಯಸ್ಕಾಂತ ಮತ್ತು ವಾಹಕದ ಮಾತಿನಿಂದ. ನಿಸರ್ಗ ನೋಡುವುದು ಎರಡರ ನಡುವಿನ ಸಾಪೇಕ್ಷ ಚಲನೆಯನ್ನು ಮಾತ್ರ. ಎರಡು ವಿವರಣೆಗಳೆಂಬ ಒಡಕು ನಮ್ಮ ಕಡೆಯದು.

ಇದನ್ನು ಅಂಕಿಗಳಲ್ಲಿ ನೋಡೋಣ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುತ್ತಿದೆ. ಎಲೆಕ್ಟ್ರಾನ್‌ಗಳು ಸರಾಸರಿ ಸೆಕೆಂಡಿಗೆ 0.07 ಮಿಲಿಮೀಟರ್ ಸಾಗುತ್ತವೆ. ಗಂಟೆಗೆ ಸುಮಾರು ಒಂದು ಗೇಣು. ತಂತಿಯ ಆಚೆ 1 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಎಲೆಕ್ಟ್ರಾನ್ ಅದೇ ವೇಗದಲ್ಲಿ ಜೊತೆಜೊತೆಯಾಗಿ ಸಾಗುತ್ತಿದೆ ಎನ್ನಿ. ಅದರ ಮೇಲೆ ಬೀಳುವ ಬಲವೇನು?

ನೆಲದ ಮೇಲೆ ನಿಂತ ನಮಗೆ: ತಂತಿ ತಟಸ್ಥ, ವಿದ್ಯುತ್ ಬಲವಿಲ್ಲ. ಕಾಂತಕ್ಷೇತ್ರ 20 ಮೈಕ್ರೋಟೆಸ್ಲಾ. ವೇಗದಿಂದ ಗುಣಿಸಿದರೆ ಆವೇಶದ ಪ್ರತಿ ಕೂಲಂಬ್‌ಗೆ 1.5 × 10⁻⁹ ನ್ಯೂಟನ್, ತಂತಿಯ ಕಡೆಗೆ.

ಆ ಎಲೆಕ್ಟ್ರಾನಿನ ಜೊತೆ ಸಾಗುವವರಿಗೆ: ತಮ್ಮ ಎಲೆಕ್ಟ್ರಾನ್ ನಿಂತಿದೆ, ಆದ್ದರಿಂದ ಕಾಂತಬಲ ಸೊನ್ನೆ. ತಂತಿಯೊಳಗಿನ ಎಲೆಕ್ಟ್ರಾನ್‌ಗಳೂ ನಿಂತಿವೆ, ಧನ ಅಯಾನುಗಳು ಹಿಮ್ಮುಖವಾಗಿ ಓಡುತ್ತಿವೆ. ಓಡುವ ವಸ್ತುಗಳ ನಡುವಿನ ಅಂತರ ಓಟದ ದಿಕ್ಕಿನಲ್ಲಿ ಕುಗ್ಗುತ್ತದೆ ಎನ್ನುತ್ತದೆ ಸಾಪೇಕ್ಷತೆ. ಅಯಾನುಗಳು ಒತ್ತೊತ್ತಾದವು, ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾದವು. ತಂತಿಗೆ ಒಟ್ಟಾರೆ ಧನಾವೇಶ ಬಂತು. ಎಷ್ಟು? ಎರಡೂ ಸೇರಿ ಆಗುವ ವ್ಯತ್ಯಾಸ ವೇಗದ ವರ್ಗವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು, 6 × 10⁻²⁶. ನಂಬಲಾಗದಷ್ಟು ಚಿಕ್ಕದು. ಆದರೆ ಒಂದು ಮೀಟರ್ ತಂತಿಯಲ್ಲಿ ಚಲಿಸಬಲ್ಲ ಆವೇಶ 13,600 ಕೂಲಂಬ್. ಅದು ನಂಬಲಾಗದಷ್ಟು ದೊಡ್ಡದು. ಗುಣಿಸಿದರೆ ಮೀಟರ್‌ಗೆ 8.2 × 10⁻²² ಕೂಲಂಬ್. ಅಷ್ಟು ಆವೇಶ ಒಂದು ಸೆಂಟಿಮೀಟರ್ ದೂರದಲ್ಲಿ ಉಂಟುಮಾಡುವ ವಿದ್ಯುತ್ ಕ್ಷೇತ್ರ 1.5 × 10⁻⁹ ವೋಲ್ಟ್ ಪ್ರತಿ ಮೀಟರ್. ಅಂದರೆ ಪ್ರತಿ ಕೂಲಂಬ್‌ಗೆ ಅಷ್ಟೇ ಬಲ, ಅದೇ ದಿಕ್ಕಿಗೆ.

ಎರಡು ಲೆಕ್ಕ, ಒಂದೇ ಉತ್ತರ. ನಾವು ಕಾಂತಬಲ ಎಂದದ್ದನ್ನು ಅವರು ವಿದ್ಯುತ್ ಬಲ ಎಂದರು. ಬೆಳಕಿನ ವೇಗದ ಹತ್ತಿರ ಹೋದಾಗ ಮಾತ್ರ ಸಾಪೇಕ್ಷತೆ ಬೇಕು ಎನ್ನುವವರಿಗೆ ಈ ಲೆಕ್ಕ ತೋರಿಸಿ. ಗಂಟೆಗೆ ಒಂದು ಗೇಣು ಸಾಗುವ ಎಲೆಕ್ಟ್ರಾನ್‌ಗಳ ಸಾಪೇಕ್ಷತೆಯಿಂದಲೇ ನಿಮ್ಮ ಮನೆಯ ಫ್ಯಾನು ತಿರುಗುತ್ತಿದೆ.

ಹಂತ 7: ಒಂದರಿಂದ ಇನ್ನೊಂದಕ್ಕೆ ಲೆಕ್ಕ ಬದಲಿಸುವ ಸೂತ್ರ

ನಿಮ್ಮ ವೇಗ ಬೆಳಕಿನ ವೇಗಕ್ಕಿಂತ ತೀರ ಕಡಿಮೆಯಿದ್ದರೆ ಎರಡು ಸಾಲು ಸಾಕು:

ನಿಮಗೆ ಕಾಣುವ ವಿದ್ಯುತ್ ಕ್ಷೇತ್ರ = ನೆಲದ ವಿದ್ಯುತ್ ಕ್ಷೇತ್ರ + ವೇಗ × ನೆಲದ ಕಾಂತಕ್ಷೇತ್ರ

ನಿಮಗೆ ಕಾಣುವ ಕಾಂತಕ್ಷೇತ್ರ = ನೆಲದ ಕಾಂತಕ್ಷೇತ್ರ − (ವೇಗ × ನೆಲದ ವಿದ್ಯುತ್ ಕ್ಷೇತ್ರ) ÷ ಬೆಳಕಿನ ವೇಗದ ವರ್ಗ

ಸೆಕೆಂಡಿಗೆ 30 ಮೀಟರ್ ಓಡುವ ಕಾರಿನಲ್ಲಿ ಹೋಗುತ್ತಿದ್ದೀರಿ. 40 ಮೈಕ್ರೋಟೆಸ್ಲಾ ಕಾಂತಕ್ಷೇತ್ರವನ್ನು ಅಡ್ಡ ಹಾಯ್ದರೆ ನಿಮ್ಮ ಲೆಕ್ಕದಲ್ಲಿ 1.2 ಮಿಲಿವೋಲ್ಟ್ ಪ್ರತಿ ಮೀಟರ್ ವಿದ್ಯುತ್ ಕ್ಷೇತ್ರವಿದೆ, ಅಳೆಯಬಹುದಾದ ಪ್ರಮಾಣ. ಬದಲಿಗೆ 1000 ವೋಲ್ಟ್ ಪ್ರತಿ ಮೀಟರ್ ವಿದ್ಯುತ್ ಕ್ಷೇತ್ರವನ್ನು ಹಾಯ್ದರೆ ಕಾಣುವ ಕಾಂತಕ್ಷೇತ್ರ 3.3 × 10⁻¹³ ಟೆಸ್ಲಾ. ಭೂಮಿಯದರ ಹತ್ತು ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಫ್ಯಾರಡೆಯ ಪರಿಣಾಮ ಕೈಗೆ ಸುಲಭವಾಗಿ ಸಿಕ್ಕಿ ಮ್ಯಾಕ್ಸ್‌ವೆಲ್‌ನದು ಸಿಗದೆ ಹೋದದ್ದಕ್ಕೆ ಬೇರು ಇಲ್ಲಿದೆ.

ಹಾಗಾದರೆ ಎಲ್ಲವೂ ನೋಟಕ್ಕೆ ಬಿಟ್ಟದ್ದೇ? ಅಲ್ಲ. ಒಂದು ಮನೆಯನ್ನು ಯಾವ ಮೂಲೆಯಿಂದ ನೋಡುತ್ತೀರಿ ಎಂಬುದರ ಮೇಲೆ ಅದರ ಅಗಲ-ಉದ್ದ ಬೇರೆ ಬೇರೆಯಾಗಿ ಕಾಣುತ್ತವೆ, ಮನೆ ಬದಲಾಗದು. ಹಾಗೆಯೇ ಇಲ್ಲೂ ಬದಲಾಗದ ಎರಡು ಮೊತ್ತಗಳಿವೆ. ಒಂದು, ವಿದ್ಯುತ್ ಕ್ಷೇತ್ರದ ವರ್ಗದಿಂದ, ಬೆಳಕಿನ ವೇಗ ಮತ್ತು ಕಾಂತಕ್ಷೇತ್ರದ ಗುಣಲಬ್ಧದ ವರ್ಗವನ್ನು ಕಳೆದರೆ ಬರುವುದು. ಇನ್ನೊಂದು, ಎರಡು ಕ್ಷೇತ್ರಗಳ ಅದಿಶ ಗುಣಲಬ್ಧ, ಅಂದರೆ ದಿಕ್ಕಿಲ್ಲದೆ ಬರೀ ಸಂಖ್ಯೆಯಾಗಿ ಬರುವ ಗುಣಲಬ್ಧ. ಯಾವ ವೇಗದಲ್ಲಿ ಹೋದರೂ ಇವು ಅಷ್ಟೇ.

ಇದರ ಪ್ರಯೋಜನ ದೊಡ್ಡದು. ಒಂಟಿ ಆವೇಶದ ಬಳಿ ಮೊದಲ ಮೊತ್ತ ಧನ. ಹಾಗಾಗಿ ಯಾರು ಎಷ್ಟೇ ವೇಗವಾಗಿ ಓಡಿದರೂ ಅಲ್ಲಿ ವಿದ್ಯುತ್ ಕ್ಷೇತ್ರ ಮಾಯವಾಗದು. ತಟಸ್ಥ ತಂತಿಯ ಬಳಿ ಅದು ಋಣ. ಕಾಂತಕ್ಷೇತ್ರ ಎಲ್ಲರಿಗೂ ಕಾಣುತ್ತದೆ. ಹಿಂದಿನ ಹಂತದಲ್ಲಿ ಜೊತೆ ಸಾಗಿದವರಿಗೂ ತಂತಿಯ ಸುತ್ತ ಕಾಂತಕ್ಷೇತ್ರವಿತ್ತು, ಅವರ ಎಲೆಕ್ಟ್ರಾನ್ ನಿಂತಿದ್ದರಿಂದ ಅದರ ಬಲ ತಟ್ಟಲಿಲ್ಲ ಅಷ್ಟೇ. ಬೆಳಕಿನಲ್ಲಿ ಎರಡೂ ಮೊತ್ತ ಸೊನ್ನೆ. ಅಲ್ಲಿ ಎರಡು ಕ್ಷೇತ್ರಗಳಲ್ಲಿ ಯಾವುದನ್ನೂ ಯಾರೂ ಕಳಚಲಾರರು. "ಕಾಂತಕ್ಷೇತ್ರವೆಂಬುದೇ ಇಲ್ಲ, ಅದು ಸಾಪೇಕ್ಷತೆಯ ಭ್ರಮೆ" ಎಂದು ಕೆಲವರು ಉತ್ಸಾಹದಲ್ಲಿ ಹೇಳುವುದುಂಟು. ಈ ಮೊತ್ತಗಳನ್ನು ಕಂಡವರು ಹಾಗೆನ್ನಲಾರರು.

ಹಂತ 8: ಒಂದೇ ಅಲೆಯ ಎರಡು ಭಾಗಗಳನ್ನು ರೇಡಿಯೋದಲ್ಲಿ ಹಿಡಿಯಿರಿ

ಹಳೆ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಎರಡು ಆಂಟೆನಾಗಳಿರುತ್ತವೆ. ಹೊರಗೆ ಎಳೆಯುವ ಕಡ್ಡಿ ಎಫ್‌ಎಂಗೆ. ಅಲೆಯ ವಿದ್ಯುತ್ ಕ್ಷೇತ್ರ ಅದರಲ್ಲಿನ ಎಲೆಕ್ಟ್ರಾನ್‌ಗಳನ್ನು ಮೇಲೆ ಕೆಳಗೆ ತಳ್ಳುತ್ತದೆ. ಹಿಂಭಾಗದ ಮುಚ್ಚಳ ತೆರೆದರೆ ಕಪ್ಪನೆಯ ಫೆರೈಟ್ ದಂಡ, ಅದರ ಮೇಲೆ ಸಣ್ಣ ತಂತಿಯ ಸುರುಳಿ ಕಾಣುತ್ತದೆ. ಅದು ಮಧ್ಯಮ ತರಂಗಕ್ಕೆ; ಅಲೆಯ ಕಾಂತಕ್ಷೇತ್ರ ದಂಡದೊಳಗೆ ಹರಿದು, ಫ್ಯಾರಡೆ ನಿಯಮದಂತೆ ಸುರುಳಿಯಲ್ಲಿ ವೋಲ್ಟ್ ಹುಟ್ಟಿಸುತ್ತದೆ.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಅಲೆಯ ಉದ್ದ 490 ಮೀಟರ್. ಅಷ್ಟುದ್ದದ ಅಲೆಗೆ ಹೊಂದುವ ಕಡ್ಡಿಯನ್ನು ಕೈಯಲ್ಲಿ ಹಿಡಿದು ಓಡಾಡಲು ಆಗದು. ಬೆರಳುದ್ದದ ಫೆರೈಟ್ ದಂಡ ಆ ಕೆಲಸ ಮಾಡಿಬಿಡುತ್ತದೆ. ನಿಮ್ಮಲ್ಲಿ ವಿದ್ಯುತ್ ಕ್ಷೇತ್ರ 10 ಮಿಲಿವೋಲ್ಟ್ ಪ್ರತಿ ಮೀಟರ್ ಇದ್ದರೆ ಕಾಂತಕ್ಷೇತ್ರ 33 ಪಿಕೋಟೆಸ್ಲಾ, ಭೂಮಿಯ ಕ್ಷೇತ್ರದ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಸುರುಳಿಗೆ ಅದು ಗೊತ್ತಾಗುವುದು ಸೆಕೆಂಡಿಗೆ 6,12,000 ಸಲ ಕಂಪಿಸುವುದರಿಂದ. ಭೂಮಿಯ ಕ್ಷೇತ್ರ ಎಷ್ಟೇ ದೊಡ್ಡದಿರಲಿ, ಅದು ಬದಲಾಗುವುದಿಲ್ಲ. ಸುರುಳಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು.

ರೇಡಿಯೋವನ್ನು ಮಧ್ಯಮ ತರಂಗದ ಒಂದು ಕೇಂದ್ರಕ್ಕೆ ಹಚ್ಚಿ, ಬಯಲಿಗೆ ತನ್ನಿ. ಕಟ್ಟಡದೊಳಗಿನ ಕಬ್ಬಿಣ ಅಲೆಯ ದಿಕ್ಕು ಕೆಡಿಸುತ್ತದೆ. ಪ್ರಸಾರದ ಕಂಬ ನೆಟ್ಟಗೆ ನಿಂತಿರುವುದರಿಂದ ಅಲೆಯ ವಿದ್ಯುತ್ ಕ್ಷೇತ್ರ ಮೇಲೆ-ಕೆಳಗೆ ಆಡುತ್ತದೆ. ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿ, ಅಲೆ ಬರುವ ದಿಕ್ಕಿಗೆ ಅಡ್ಡಲಾಗಿ ಇರುತ್ತದೆ. ದಂಡ ನೆಲಕ್ಕೆ ಸಮಾಂತರವಾಗಿರುವಂತೆ ರೇಡಿಯೋ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎರಡು ಕಡೆ ದನಿ ಜೋರಾಗುತ್ತದೆ, ಎರಡು ಕಡೆ ತಟ್ಟನೆ ಕುಸಿಯುತ್ತದೆ. ಕುಸಿಯುವ ಜಾಗವನ್ನು ಹುಡುಕಿ, ಅಲ್ಲಿ ನಿಲ್ಲಿಸಿ. ಜೋರಾಗುವ ಜಾಗಕ್ಕಿಂತ ಅದು ಹೆಚ್ಚು ನಿಖರ. ಈಗ ದಂಡದ ಉದ್ದಕ್ಕೆ ಕಾಂತಕ್ಷೇತ್ರ ಇಲ್ಲ, ಅಂದರೆ ದಂಡ ಅಲೆ ಬರುವ ದಿಕ್ಕಿಗೇ ಮುಖ ಮಾಡಿದೆ. ನಕ್ಷೆಯ ಮೇಲೆ ನೀವು ನಿಂತ ಜಾಗದಿಂದ ಆ ದಿಕ್ಕಿಗೆ ಗೆರೆ ಎಳೆಯಿರಿ. ಹಲವು ಕಿಲೋಮೀಟರ್ ಪಕ್ಕಕ್ಕೆ ಹೋಗಿ ಮತ್ತೊಮ್ಮೆ ಹೀಗೇ ಮಾಡಿ ಇನ್ನೊಂದು ಗೆರೆ ಎಳೆದರೆ, ಎರಡೂ ಗೆರೆ ಕೂಡುವಲ್ಲಿ ಪ್ರಸಾರದ ಕಂಬವಿರುತ್ತದೆ.